ಉರುಳಿಗೆ ಸಿಕ್ಕ ಕರಡಿ ಮತ್ತೆ ಕಾಡಿಗೆ ಮರಳಬಲ್ಲುದೇ?

ಹಂದಿಗೆಂದು ಹೊಲದ ಬೇಲಿಯಲ್ಲಿ ಕಟ್ಟಿದ್ದ ಉರುಳಿನಿಂದ ಬಿಡಿಸಿದ ಕರಡಿಯನ್ನು ಅಲ್ಲಿಯೇ ಬಿಡದೆ ಬೋನಿನಲ್ಲಿ ಒಯ್ದದ್ದೇಕೆ, ಅದು ಮತ್ತೆ ಕಾಡು ಸೇರುವುದೇ ಎಂದು ಕೇಳಿದ್ದೀರಿ. ನಾನು ಪಶುವೈದ್ಯ, ಅಂಥ ಕೆಲವು ಕರಡಿಗಳ ಚಿಕಿತ್ಸೆಯಲ್ಲಿ ನೆರವಾಗಿದ್ದೇನೆ.

ಬೈಕಿನ ಕ್ಲಚ್ ವೈರಿನ ಉರುಳು ಸೊಂಟಕ್ಕೆ ಬಿಗಿದಿದ್ದರೆ ಆ ದಟ್ಟ ಕೂದಲಿನಡಿ ಮೊದಲ ದಿನ ಒಂದು ಗೀರೂ ಕಾಣದಿರಬಹುದು. ಗಂಟೆಗಟ್ಟಲೆ ರಕ್ತಸಂಚಾರ ನಿಂತಿದ್ದ ಚರ್ಮ ಮತ್ತು ಮಾಂಸ ಸತ್ತು ಕಳಚುವುದು ದಿನಗಳು ಕಳೆದ ಮೇಲೆ. ಬಿಡಿಸಿಕೊಳ್ಳಲು ಹೆಣಗಾಡಿದ್ದರಿಂದ ಸ್ನಾಯುಗಳಿಗೆ ಆದ ಹಾನಿ ಮೂತ್ರಪಿಂಡವನ್ನೂ ಕೆಡಿಸಬಲ್ಲುದು. ಓಡಿಹೋಯಿತೆಂದು ಎಲ್ಲರೂ ಸಂತೋಷಪಟ್ಟ ಕರಡಿ ಆಮೇಲೆ ಯಾವುದೋ ಬಂಡೆಯ ಸಂದಿಯಲ್ಲಿ ಸತ್ತಿರುವುದುಂಟು.

ಗಾಯಕ್ಕಿಂತ ಕಠಿಣವಾದದ್ದು ಅದನ್ನು ಮನುಷ್ಯರಿಗೆ ಒಗ್ಗಿಸದೆ ಇಟ್ಟುಕೊಳ್ಳುವುದು. ಬೋನಿಗೆ ಗೋಣಿ ಮುಚ್ಚಿ, ಒಬ್ಬರೇ ಮಾತಿಲ್ಲದೆ ಆಹಾರವಿಟ್ಟು ಬರಬೇಕು. ಹೆಸರಿಟ್ಟು ಕರೆಯುವುದು, ಮೊಬೈಲ್ ಹಿಡಿದು ನಿಲ್ಲುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ನನ್ನನ್ನು ಕಂಡಾಗಲೆಲ್ಲ ಅಬ್ಬರಿಸಿ ಮೇಲೇರಿ ಬರುವ ಕರಡಿಯೇ ಕಾಡಿಗೆ ಯೋಗ್ಯವಾದದ್ದು. ಮುಂಗಾಲಿನ ಉಗುರುಗಳನ್ನೂ ನೋಡಬೇಕು, ಏಕೆಂದರೆ ಹುತ್ತ ಅಗೆದು ಗೆದ್ದಲು ಹೀರಲಾಗದ ಕರಡಿ ಕಾಡಿನಲ್ಲಿ ಬಹುಕಾಲ ಬಾಳದು. ಮುಂಗಾಲನ್ನೇ ಕಳೆದುಕೊಂಡದ್ದಕ್ಕೆ ಬನ್ನೇರುಘಟ್ಟದಂಥ ಆಶ್ರಯವೇ ಗತಿ. ಮೂಗು ಚುಚ್ಚಿ ಹಲ್ಲು ಕಿತ್ತಿದ್ದ ಕುಣಿತದ ಕರಡಿಗಳು ಅಲ್ಲಿಯೇ ಉಳಿಯಬೇಕಾದದ್ದೂ ಅದಕ್ಕಾಗಿಯೇ.

ತಬ್ಬಲಿ ಮರಿಗಳ ವಿಷಯ ಬೇರೆ. ಅವು ಎರಡು ವರ್ಷದವರೆಗೂ ತಾಯಿಯ ಹಿಂದೆಯೇ ತಿರುಗಿ ಆಹಾರದ ಜಾಗಗಳನ್ನು ಕಲಿಯುತ್ತವೆ. ಅರುಣಾಚಲ ಪ್ರದೇಶದ ಪಕ್ಕೆ ಹುಲಿ ಸಂರಕ್ಷಿತ ಪ್ರದೇಶದಲ್ಲಿ 2002ರಿಂದ ನಡೆಯುತ್ತಿರುವ ಕರಡಿ ಪುನರ್ವಸತಿ ಕೇಂದ್ರದಲ್ಲಿ ಹಿಮಾಲಯದ ಕಪ್ಪು ಕರಡಿಯ ಮರಿಗಳನ್ನು ಪಾಲಕರು ತಿಂಗಳುಗಟ್ಟಲೆ ಕಾಡಿನಲ್ಲಿ ಸುತ್ತಾಡಿಸಿ, ಅವು ತಾವಾಗಿಯೇ ದೂರವಾಗುವಂತೆ ಮಾಡುತ್ತಾರೆ.

ನೀವು ಕಂಡದ್ದು ಬೆಳೆದ ಕರಡಿಯಾದ್ದರಿಂದ, ಕಾಲು ಮತ್ತು ಹಲ್ಲು ನೆಟ್ಟಗಿದ್ದರೆ ಮರಳುವ ಸಾಧ್ಯತೆ ಚೆನ್ನಾಗಿಯೇ ಇದೆ. ದರೋಜಿಯಲ್ಲಿ 1994ರಿಂದ ಕರಡಿಧಾಮವಿರುವಾಗ ಅಲ್ಲಿಗೇ ಬಿಡಬಾರದೇಕೆ ಎಂದೂ ಕೇಳಿದ್ದೀರಿ. ಅಲ್ಲಿ ಈಗಾಗಲೇ ನೆಲೆಸಿರುವ ಕರಡಿಗಳ ನಡುವೆ ಹೊಸ ಕರಡಿಗೆ ನೀರೆಲ್ಲಿ, ಗುಹೆಯೆಲ್ಲಿ, ಯಾವ ಕಾಲಕ್ಕೆ ಕವಳೆ ಹಣ್ಣಾಗುವುದೆಲ್ಲಿ ಎಂಬುದು ತಿಳಿದಿರುವುದಿಲ್ಲ. ಇಲಾಖೆಯ ಅನುಮತಿ ಪಡೆದು, ಹಿಡಿದ ಜಾಗದ ಸಮೀಪದ ಗುಡ್ಡದಲ್ಲಿಯೇ ಸಂಜೆ ಬಿಡುವುದು ಸರಿ. ಅದಕ್ಕೆ ಮೊದಲು ನಿಮ್ಮೂರಿನವರು ಸಿಬ್ಬಂದಿಯೊಡನೆ ಸೇರಿ ಬೇಲಿಗಳನ್ನು ಪೂರ್ತಿ ಸೋಸಿ ನೋಡಿ. ಒಂದು ಉರುಳು ಸಿಕ್ಕ ಬೇಲಿಯಲ್ಲಿ ಇನ್ನೂ ನಾಲ್ಕಿರುತ್ತವೆ.