ವೈರ್‌ಲೆಸ್ ಕಂಟ್ರೋಲರ್‌ನಲ್ಲಿ ಟನೆಲ್ ಇದ್ದರೆ ಜಂಬೋ ಫ್ರೇಮ್ 9000 ಇಡಬೇಕಾ, 9216 ಇಡಬೇಕಾ?

ಸದ್ಯಕ್ಕೆ ಎರಡೂ ಬೇಡ. (ಜಂಬೋ ಅಂದರೆ ತಂತಿಯ ಮೇಲೆ ಒಮ್ಮೆಗೆ ಹೋಗುವ ಡೇಟಾ ತುಣುಕು, ಅಂದರೆ ಫ್ರೇಮ್, ಸಾಮಾನ್ಯ 1500 ಬೈಟ್‌ಗಿಂತ ದೊಡ್ಡದಿರಲು ಬಿಡುವುದು.) ಎಪಿಗಳಿಂದ (ವೈಫೈ ಆಕ್ಸೆಸ್ ಪಾಯಿಂಟ್) ಅವನ್ನು ನಿಯಂತ್ರಿಸುವ ಕಂಟ್ರೋಲರ್‌ಗೆ ಜಿಆರ್‌ಇ ಟನೆಲ್ (ಬಳಕೆದಾರರ ಪ್ಯಾಕೆಟನ್ನು ಇನ್ನೊಂದು ಪ್ಯಾಕೆಟ್‌ನೊಳಗೆ ಇಟ್ಟು ಸಾಗಿಸುವ ವಿಧಾನ) ಇದೆ, ವೈಫೈ ನಿಧಾನ, ಜಂಬೋ ಆನ್ ಮಾಡಿದರೆ ವೇಗ ಬರುತ್ತೆ ಅಂದುಕೊಂಡಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕ ಹಾಕಿ ಒಂದು ಶುಕ್ರವಾರ ರಾತ್ರಿ 9000 ಇಟ್ಟೆ. ಸೋಮವಾರ ಬೆಳಿಗ್ಗೆ ಅರ್ಧ ಕಟ್ಟಡದಿಂದ ದೂರು ಬಂತು.

ಪೂರ್ತಿ ನಿಂತಿದ್ದರೆ ಬೇಗ ಹಿಡಿಯಬಹುದಿತ್ತು. ಆದರೆ ಎಪಿಗಳ ದೀಪ ಹಸಿರು. ಐಪಿ ಸಿಗುತ್ತಿತ್ತು, ಡಿಎನ್‌ಎಸ್ ಸರಿ, ಪಿಂಗ್ ಹೋಗಿ ಬರುತ್ತಿತ್ತು. ವೆಬ್ ಪುಟ ತೆರೆದರೆ ಮಾತ್ರ ಬಿಳಿ ಪರದೆ. ಎಸ್‌ಎಸ್‌ಎಚ್‌ನಲ್ಲಿ ದೂರದ ಯಂತ್ರಕ್ಕೆ ಲಾಗಿನ್ ಆಗುತ್ತಿತ್ತು, ದೊಡ್ಡ ಫೋಲ್ಡರ್‌ನ ಪಟ್ಟಿ ಕೇಳಿದ ಕೂಡಲೇ ಅಲ್ಲೇ ನಿಲ್ಲುತ್ತಿತ್ತು. ಪಕ್ಕದ ಎಪಿಗೆ ಹೋದರೆ ಎಲ್ಲ ಸರಿ. ಎರಡು ದಿನ ಎಪಿಗಳನ್ನೇ ಬದಲಾಯಿಸುತ್ತಾ ಕೂತೆವು. ಕೆಲವು ಸರಿಹೋದವು ಕೂಡ! ಹೊಸ ಎಪಿಗೆ ಬೇರೆ ಐಪಿ ಸಿಕ್ಕಿ, ಟನೆಲ್ ಬೇರೆ ದಾರಿ ಹಿಡಿದಿತ್ತು, ಅಷ್ಟೇ. ಅದು ಗೊತ್ತಾಗಿದ್ದು ಆಮೇಲೆ.

ಕಂಟ್ರೋಲರ್‌ಗೆ ನಮ್ಮಲ್ಲಿ ಸಮಾನ ದೂರದ ಎರಡು ದಾರಿಗಳಿದ್ದವು. ಯಾವ ಟನೆಲ್ ಯಾವ ದಾರಿಯಲ್ಲಿ ಹೋಗಬೇಕು ಅನ್ನೋದು ಎರಡು ತುದಿಯ ಐಪಿ ನೋಡಿ ತೀರ್ಮಾನವಾಗುತ್ತೆ. ಒಂದು ದಾರಿಯ ನಡುವೆ ಒಂದು ಹಳೆಯ ಎಲ್2 ಸ್ವಿಚ್ (ಐಪಿ ನೋಡದೆ ಫ್ರೇಮ್‌ಗಳನ್ನು ಹಾಗೇ ದಾಟಿಸುವ ಸ್ವಿಚ್) ಇತ್ತು. ಅದರ ಆಚೆ ಈಚೆ ಇದ್ದ ರೂಟರ್ ಪೋರ್ಟ್‌ಗಳಿಗೆ 9000 ಕೊಟ್ಟಿದ್ದೆ. ನಡುವಿನದು 1500ರಲ್ಲೇ ಉಳಿದಿತ್ತು. ರೂಟರ್ ಆಗಿದ್ದರೆ ಪ್ಯಾಕೆಟ್ ಒಡೆದು ಕಳಿಸುತ್ತಿತ್ತು, ಇಲ್ಲವೇ 'ತುಂಬಾ ದೊಡ್ಡದು' ಅಂತ ಐಸಿಎಂಪಿ ಸಂದೇಶ ವಾಪಸ್ ಕಳಿಸುತ್ತಿತ್ತು. ಎಲ್2 ಸ್ವಿಚ್‌ಗೆ ಆ ಎರಡೂ ಬರೋದಿಲ್ಲ. ದೊಡ್ಡ ಫ್ರೇಮ್ ಬಂದರೆ ಸುಮ್ನೆ ಬಿಸಾಕುತ್ತೆ, ತನ್ನ 'ಜೈಂಟ್ಸ್' ಕೌಂಟರ್ ಒಂದು ಹೆಚ್ಚಿಸಿಕೊಳ್ಳುತ್ತೆ.

ಹಾಗಾದರೆ ಶುಕ್ರವಾರದವರೆಗೆ ಹೇಗೆ ನಡೆಯುತ್ತಿತ್ತು? ಬಳಕೆದಾರರ 1500 ಬೈಟ್ ಪ್ಯಾಕೆಟ್‌ಗೆ ಒಳಗಿನ ಈಥರ್ನೆಟ್ ಹೆಡರ್ 14, ಜಿಆರ್‌ಇ 4, ಹೊರಗಿನ ಐಪಿ 20 ಸೇರಿದರೆ 1538. ಮೊದಲು ಟನೆಲ್ ಇದನ್ನು ಎರಡು ತುಂಡು ಮಾಡುತ್ತಿತ್ತು. ನಿಧಾನ, ಆದರೆ ತಲುಪುತ್ತಿತ್ತು. 9000 ಕೊಟ್ಟ ಮೇಲೆ ತುಂಡು ಮಾಡುವ ಅಗತ್ಯವೇ ಇಲ್ಲ ಅಂತ ಇಡಿಯಾಗಿ ಕಳಿಸತೊಡಗಿತು. ಆ ಸ್ವಿಚ್ ಬಳಿ ಸತ್ತಿತು.

ನಾನು ಪರೀಕ್ಷೆ ಮಾಡದೆ ಮನೆಗೆ ಹೋಗಿರಲಿಲ್ಲ. ನನ್ನ ತಪ್ಪು ಇದ್ದದ್ದು ಆ ಪರೀಕ್ಷೆಯಲ್ಲೇ, ಇದನ್ನು ಗಮನವಿಟ್ಟು ಓದಿ. ನನ್ನ ಲ್ಯಾಪ್‌ಟಾಪ್‌ನಿಂದ ಕಂಟ್ರೋಲರ್‌ಗೆ 8000 ಬೈಟ್ ಪಿಂಗ್ ಕಳಿಸಿದೆ. ಉತ್ತರ ಬಂತು. ಜಂಬೋ ಕೆಲಸ ಮಾಡ್ತಿದೆ ಅಂತ ನಂಬಿದೆ. ಆದರೆ ಲ್ಯಾಪ್‌ಟಾಪ್‌ನ ಎಂಟಿಯು (ಒಮ್ಮೆಗೆ ಕಳಿಸಬಹುದಾದ ಅತಿ ದೊಡ್ಡ ಪ್ಯಾಕೆಟ್) 1500. 'ಒಡೆಯಬೇಡ' ಅಂತ ಹೇಳುವ ಡಿಎಫ್ ಬಿಟ್ ಹಾಕಿರಲಿಲ್ಲ. ಹಾಗಾಗಿ ಲ್ಯಾಪ್‌ಟಾಪೇ ಅದನ್ನು ಆರು ತುಂಡು ಮಾಡಿ ಕಳಿಸಿತ್ತು. ಒಂದೇ ಒಂದು ದೊಡ್ಡ ಫ್ರೇಮ್ ಕೂಡ ತಂತಿಯ ಮೇಲೆ ಹೋಗಿರಲಿಲ್ಲ. ಅದರ ಮೇಲೆ, ನಾನು ಕೂತಿದ್ದ ಜಾಗದ ದಾರಿಯಲ್ಲಿ ಆ ಹಳೆಯ ಸ್ವಿಚ್ ಇರಲೇ ಇಲ್ಲ. ಆ ಪಿಂಗ್ ನಂಬಿದ್ದಕ್ಕೆ ಮೂರು ದಿನ ನೂರಾರು ಜನರ ಕೆಲಸ ನಿಂತಿತು. ನನಗೆ ಇವತ್ತಿಗೂ ಬೇಜಾರಿದೆ.

ಪಿಂಗ್ ಮಾಡಬೇಕಾದದ್ದು ಎಪಿ ಪಕ್ಕದ, ಜಂಬೋ ಇರುವ ಪೋರ್ಟ್‌ನಿಂದ. ಡಿಎಫ್ ಹಾಕಲೇಬೇಕು. ಗಾತ್ರಕ್ಕೆ 28 ಬೈಟ್ ಹೆಡರ್ ಕಳೆಯಿರಿ: 1500ಕ್ಕೆ 1472, 9000ಕ್ಕೆ 8972. ದಾರಿ ಎರಡಿದ್ದರೆ ಮೂಲ ಐಪಿ ಬದಲಿಸುತ್ತಾ ಎರಡರಲ್ಲೂ ಹೋಗುವ ಹಾಗೆ ನೋಡಿ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಜಂಬೋ ಅಂದರೆ ವೇಗ ಅನ್ನೋ ನಂಬಿಕೆಯೇ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಫೋನು, ಲ್ಯಾಪ್‌ಟಾಪ್‌ಗಳು ಕಳಿಸೋದು 1500ರ ಪ್ಯಾಕೆಟ್. ನೀವು 9000 ಇಟ್ಟರೂ ಅವು ಉದ್ದ ಆಗೋದಿಲ್ಲ. ಟನೆಲ್ ಹೆಡರ್‌ಗೆ ಜಾಗ ಸಾಲದೆ ತುಂಡಾಗುತ್ತಿರುವುದೇ ನಿಮ್ಮ ತೊಂದರೆ ಆಗಿದ್ದರೆ, ದಾರಿಯುದ್ದಕ್ಕೂ 1600 ಇದ್ದರೆ ಸಾಕು. ಅದೂ ಕಷ್ಟ ಅಂದರೆ ಕಂಟ್ರೋಲರ್‌ನಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಟಿಸಿಪಿ ಪ್ಯಾಕೆಟ್‌ನಲ್ಲಿ ಇರಬಹುದಾದ ಡೇಟಾದ ಮಿತಿ) ಅನ್ನು 1350ಕ್ಕೆ ಇಳಿಸಿ. ಟಿಸಿಪಿ ಬಳಸದ ಯುಡಿಪಿ ಟ್ರಾಫಿಕ್‌ಗೆ ಇದರಿಂದ ಉಪಯೋಗವಿಲ್ಲ, ಆದರೂ ಜಾಸ್ತಿ ದೂರುಗಳು ಇದರಲ್ಲೇ ನಿಲ್ಲುತ್ತವೆ. ಯಾವ ಸ್ವಿಚ್ಚನ್ನೂ ಮುಟ್ಟಬೇಕಾಗಿಲ್ಲ.

ಜಂಬೋ ನಿಜಕ್ಕೂ ಬೇಕಾಗೋದು ಎಪಿ ಹಲವು ಫ್ರೇಮ್‌ಗಳನ್ನು ಸೇರಿಸಿದ ಎ-ಎಂಎಸ್‌ಡಿಯು ಕಟ್ಟನ್ನು ಬಿಚ್ಚದೆ, ಇಡಿಯಾಗಿ ಟನೆಲ್‌ನಲ್ಲಿ ಕಳಿಸಿದಾಗ. 802.11ಎನ್‌ನಲ್ಲೇ ಅದು 7935 ಬೈಟ್‌ವರೆಗೆ ಹೋಗಬಹುದು. ನಿಮ್ಮ ಕಂಟ್ರೋಲರ್ ಹಾಗೆ ಕೆಲಸ ಮಾಡುತ್ತಿದ್ದರೆ ಜಂಬೋ ಇಡಿ, ತಪ್ಪಿಲ್ಲ. ಆದರೆ ಅದಕ್ಕೆ ಮೊದಲು ಎಪಿಯಿಂದ ಕಂಟ್ರೋಲರ್‌ವರೆಗಿನ ಪ್ರತಿ ಪೋರ್ಟನ್ನೂ ಕೈಯಾರೆ ಬರೆದುಕೊಳ್ಳಿ, ಎಲ್2 ಸ್ವಿಚ್‌ಗಳನ್ನು ಬಿಡಬೇಡಿ. ಬದಲಾವಣೆ ಮಾಡಿದ ಮೇಲೆ ಆ ಸ್ವಿಚ್‌ಗಳ ಜೈಂಟ್ಸ್ ಕೌಂಟರ್ ಒಂದು ಗಂಟೆ ನೋಡುತ್ತಿರಿ. ಅದು ಏರುತ್ತಿದ್ದರೆ ಅವತ್ತೇ ಹಿಂದಕ್ಕೆ ತನ್ನಿ, ಸೋಮವಾರದವರೆಗೆ ಕಾಯಬೇಡಿ.