ಕಡಲ ಗಾಳಿಗೆ ಯಾವ ಸ್ಕ್ರೂ ತಡೆಯುತ್ತದೆ?

ಪ್ರಶ್ನೆ: ತಾರಸಿಯ ಮೇಲೆ ಬಣ್ಣದ ಶೀಟು ಹಾಕಿಸಿ ಎರಡು ಮಳೆಗಾಲವಾಯಿತು. ಶೀಟು ಚೆನ್ನಾಗಿದೆ, ಆದರೆ ಸ್ಕ್ರೂಗಳ ತಲೆ ಕೆಂಪಾಗಿ ತುಕ್ಕಿನ ನೀರು ಗೆರೆಗೆರೆಯಾಗಿ ಇಳಿದಿದೆ. ಕಡಲು ಅರ್ಧ ಕಿಲೋಮೀಟರ್ ದೂರ. ಎಲ್ಲವನ್ನೂ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸಬೇಕೇ?
– ಓದುಗರು, ಕುಂದಾಪುರ

ಉತ್ತರ: ಬದಲಿಸಲೇಬೇಕು, ಆದರೆ ಸ್ಟೇನ್‌ಲೆಸ್ ಬೇಡ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಿಳಿ ಅಥವಾ ಹಳದಿ ಹೊಳಪಿನ ಸ್ಕ್ರೂಗಳ ಮೇಲೆ ಇರುವುದು 5ರಿಂದ 8 ಮೈಕ್ರಾನ್ (ಮಿಲಿಮೀಟರಿನ ಸಾವಿರದೊಂದು ಭಾಗ) ಸತು ಮಾತ್ರ. ಗಾಳಿ ಲೋಹವನ್ನು ಎಷ್ಟು ಸವೆಸುತ್ತದೆ ಎಂದು ವರ್ಗೀಕರಿಸುವ ಐಎಸ್‌ಒ 9223 ಮಾನದಂಡದ ಪ್ರಕಾರ ಸಿ5 ವರ್ಗದ, ಅಂದರೆ ಉಪ್ಪಿನಂಶ ಹೆಚ್ಚಿರುವ ಕಡಲ ದಂಡೆಯ ವಾತಾವರಣದಲ್ಲಿ ಸತು ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ಎರಡು ವರ್ಷಕ್ಕೆ ಒಳಗಿನ ಕಬ್ಬಿಣ ಹೊರಗೆ ಬರುವುದು ಸಹಜ. ಮಳೆ ಉಪ್ಪನ್ನು ತೊಳೆಯುತ್ತದೆ. ಮಳೆ ಬೀಳದ ಸೂರಿನ ಅಡಿಭಾಗದಲ್ಲಿ ಉಪ್ಪು ಹಾಗೇ ಕೂರುವುದರಿಂದ ಅಲ್ಲಿನ ಸ್ಕ್ರೂಗಳೇ ಮೊದಲು ಹಾಳಾಗುತ್ತವೆ. ಡಿಸೆಂಬರ್‌ನಿಂದ ಮೇ ತನಕ ತಿಂಗಳಿಗೊಮ್ಮೆ ಬಾವಿ ನೀರಿನ ಪೈಪು ಹಿಡಿದು ಸೂರಿನ ಅಡಿಯನ್ನು ತೊಳೆಯಿರಿ.

ನಿಮ್ಮ ಶೀಟು ಸತು-ಅಲ್ಯೂಮಿನಿಯಂ ಲೇಪನದ ಉಕ್ಕಿನದ್ದಾಗಿರುವ ಸಾಧ್ಯತೆ ಹೆಚ್ಚು. ಎಝಡ್ 150 (ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪನ) ಶೀಟಿನಲ್ಲಿ ಆ ಲೇಪನ ಪ್ರತಿ ಬದಿಗೆ ಸುಮಾರು 20 ಮೈಕ್ರಾನ್. ಸ್ಟೇನ್‌ಲೆಸ್ ಸ್ಕ್ರೂ ಹಾಕಿ ನಡುವೆ ಉಪ್ಪುನೀರು ನಿಂತರೆ ಸ್ಕ್ರೂ ಉಳಿಯುತ್ತದೆ, ಅದರ ಸುತ್ತಲಿನ ಲೇಪನ ಕರಗಿ ಶೀಟೇ ತೂತಾಗುತ್ತದೆ. ಇಡಿಯಾಗಿ ಅಲ್ಯೂಮಿನಿಯಂನದೇ ಆದ ಶೀಟಿಗೆ ಮಾತ್ರ 304 ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸರಿ. ಕಡಲ ಹತ್ತಿರ 316 ಉತ್ತಮ. ನೀವು ಕೇಳಬೇಕಾದದ್ದು ಎಎಸ್ 3566 ಎಂಬ ಆಸ್ಟ್ರೇಲಿಯಾದ ಮಾನದಂಡದ ಕ್ಲಾಸ್ 4 ಲೇಪನದ ಸೆಲ್ಫ್ ಡ್ರಿಲ್ಲಿಂಗ್ (ತಾನೇ ಕೊರೆದುಕೊಳ್ಳುವ) ಸ್ಕ್ರೂ, ಇಪಿಡಿಎಂ ರಬ್ಬರ್ ವಾಷರ್ ಸಹಿತ. ಡಬ್ಬಿಯ ಮೇಲೆ ಕ್ಲಾಸ್ ನಮೂದಿಸಿರಬೇಕು. 'ಫಾರಿನ್ ಕೋಟಿಂಗ್' ಎಂಬ ಬಾಯಿಮಾತನ್ನು ನಂಬಬೇಡಿ.

ಹಳೆಯ ತೂತು ಸಡಿಲಾಗಿರುತ್ತದೆ. 5.5 ಮಿ.ಮೀ. ಸ್ಕ್ರೂ ಇದ್ದಲ್ಲಿ 6.3 ಮಿ.ಮೀ. ಹಾಕಿ, ವಾಷರನ್ನೂ ದೊಡ್ಡದು ತೆಗೆದುಕೊಳ್ಳಿ. ಹಾಕುವ ಮೊದಲು ತೂತಿನ ಸುತ್ತಲಿನ ತುಕ್ಕನ್ನು ಉಜ್ಜಿ ಜಿಂಕ್ ಪ್ರೈಮರ್ ಹಚ್ಚಿ. ಶೀಟಿನ ಉಬ್ಬಿನ ಮೇಲೇ ಸ್ಕ್ರೂ ಇರಲಿ. ತಗ್ಗಿನಲ್ಲಿ ಹಾಕಿದರೆ ಮಳೆನೀರು ಅದರ ಮೇಲೆಯೇ ಹರಿಯುತ್ತದೆ. ಉದ್ದ ನಿರ್ಧರಿಸುವಾಗ ಉಬ್ಬಿನ ಎತ್ತರ ಸೇರಿಸಿ: 28–30 ಮಿ.ಮೀ. ಉಬ್ಬಿನ ಶೀಟನ್ನು ಕಬ್ಬಿಣದ ಪೈಪಿಗೆ ಬಿಗಿಯಲು 55 ಮಿ.ಮೀ. ಸಾಕು.

ಬಿಗಿಯುವುದರಲ್ಲೇ ಹೆಚ್ಚಿನವರು ತಪ್ಪುತ್ತಾರೆ. ರಬ್ಬರ್ ಲೋಹದ ವಾಷರಿನ ಅಂಚಿನಿಂದ ತುಸು ಹೊರಗೆ ಉಬ್ಬಿದ ಕೂಡಲೇ ನಿಲ್ಲಿಸಬೇಕು. ಇನ್ನೂ ಬಿಗಿದರೆ ರಬ್ಬರ್ ಸೀಳಿ ನೀರು ಒಳಗಿಳಿಯುತ್ತದೆ, ಶೀಟಿನ ಉಬ್ಬೂ ತಗ್ಗುತ್ತದೆ. ಇಂಪ್ಯಾಕ್ಟ್ ಡ್ರೈವರ್ ಬೇಡ, ಕ್ಲಚ್ ಇರುವ ಸ್ಕ್ರೂಡ್ರೈವರ್ ಬಳಸಿ. ಕೊರೆದಾಗ ಬಿದ್ದ ಕಬ್ಬಿಣದ ಚೂರುಗಳನ್ನು ಅಂದೇ ಗುಡಿಸಿ ತೆಗೆಯಿರಿ. ರಾತ್ರಿ ಇಬ್ಬನಿ ಬಿದ್ದರೆ ಬೆಳಿಗ್ಗೆ ಅವೇ ಕಲೆಯಾಗಿ ಕೂತಿರುತ್ತವೆ.

ಪ್ರಶ್ನೆ: ಸ್ಟೇನ್‌ಲೆಸ್ ಎಂದು ಕೊಟ್ಟ ಸ್ಕ್ರೂ ಮ್ಯಾಗ್ನೆಟ್‌ಗೆ ಅಂಟುತ್ತದೆ. ಮೋಸವೇ?
– ಓದುಗರು, ಭಟ್ಕಳ

ಉತ್ತರ: ಮೋಸವೆನ್ನಲಾಗದು, ಆದರೆ ದರ್ಜೆ ಬೇರೆ. ಬಲವಾಗಿ ಅಂಟಿದರೆ ಅದು 410 ದರ್ಜೆಯದು ಇರಬಹುದು. ಕೊರೆಯುವಷ್ಟು ಗಟ್ಟಿ, ಆದರೆ ಕ್ರೋಮಿಯಂ 12–13 ಶೇಕಡದಷ್ಟೇ ಇರುವುದರಿಂದ ಕಡಲ ಬಳಿ ತುಕ್ಕು ಹಿಡಿಯುತ್ತದೆ. 304 ಮೆದು, ತಾನಾಗಿ ಕಬ್ಬಿಣ ಕೊರೆಯಲಾರದು. ಅದರಲ್ಲಿ ಎಳೆ (ಥ್ರೆಡ್) ಇರುವ ಭಾಗ ಮ್ಯಾಗ್ನೆಟ್‌ಗೆ ಅಲ್ಪ ಅಂಟುವುದು ಮಾತ್ರ ಸಾಮಾನ್ಯ. ಬೋಲ್ಟಾದರೆ ತಲೆ ನೋಡಿ: ಎ2 ಎಂದರೆ 304ರ ಜಾತಿ, ಎ4 ಎಂದರೆ 316ರ ಜಾತಿ.

ಪ್ರಶ್ನೆ: ಗೇಟಿನ ಸ್ಟೇನ್‌ಲೆಸ್ ನಟ್ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಹಿಂದೆಯೂ ಬಾರದು, ಮುಂದೆಯೂ ಹೋಗದು.
– ಓದುಗರು, ಕಾರವಾರ

ಉತ್ತರ: ತಿಕ್ಕಾಟದ ಬಿಸಿಗೆ ಎಳೆಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಈಗ ಕತ್ತರಿಸುವುದೊಂದೇ ದಾರಿ. ಹೊಸದಕ್ಕೆ ಎಳೆ ಬೆಸೆಯದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ಕೈ ಸ್ಪ್ಯಾನರಿನಲ್ಲಿ ನಿಧಾನವಾಗಿ ತಿರುಗಿಸಿ. ಯಂತ್ರದ ವೇಗವೇ ಈ ತೊಂದರೆಗೆ ಮೂಲ.