ನಾಸ್ಟ್ರಡಾಮಸ್ ಮೊದಲೇ ಹೇಳಿದ್ದನೇ?

ಪ್ರಶ್ನೆ: ಎಲ್ಲಿ ಅನಾಹುತವಾದರೂ ‘ನಾಸ್ಟ್ರಡಾಮಸ್ ಆಗಲೇ ಹೇಳಿದ್ದ’ ಎಂಬ ಪದ್ಯವೊಂದು ಮೊಬೈಲಿಗೆ ಬಂದುಬಿಡುತ್ತದೆ. ನಂಬಬಹುದೇ?

ಉತ್ತರ: ನಾಸ್ಟ್ರಡಾಮಸ್ ಹದಿನಾರನೇ ಶತಮಾನದ ಫ್ರೆಂಚ್ ಜ್ಯೋತಿಷಿ. ಮೊದಲು ಆ ಪದ್ಯ ಅವನದೇನಾ ನೋಡಿ. ಅವನ ಭವಿಷ್ಯವಾಣಿ ಮೊದಲು ಅಚ್ಚಾದದ್ದು 1555ರಲ್ಲಿ, ಫ್ರಾನ್ಸಿನ ಲಿಯೋನಿನಲ್ಲಿ. ಈಗ ಸಿಗುವ ಚೌಪದಿಗಳು ಒಟ್ಟು 942. ಹತ್ತು ಭಾಗ, ಭಾಗಕ್ಕೆ ನೂರು, ಏಳನೆಯದರಲ್ಲಿ ಮಾತ್ರ 42. ಭಾಗ, ಪದ್ಯದ ಸಂಖ್ಯೆ ಕೊಡದ ಸಂದೇಶವನ್ನು ಅಲ್ಲಿಗೇ ಬಿಡಿ. 2001ರಲ್ಲಿ ನ್ಯೂಯಾರ್ಕಿನ ಗೋಪುರಗಳು ಉರುಳಿದಾಗ ಹರಿದಾಡಿದ ‘ಅವಳಿ ಸೋದರರ’ ಪದ್ಯ ಅವನದಲ್ಲ. ಮಸುಕು ಮಾತನ್ನು ಯಾವುದಕ್ಕಾದರೂ ಅಂಟಿಸಬಹುದು ಎಂದು ತೋರಿಸಲು ಕೆನಡಾದ ವಿದ್ಯಾರ್ಥಿಯೊಬ್ಬ ಹೊಸೆದದ್ದು ಅದು!

ಪದ್ಯ ಅಸಲಿಯಾದರೂ ಇಸವಿ ಇದೆಯೇ? ಬಹುಪಾಲು ಇರುವುದಿಲ್ಲ, ಜಾಣತನ ಅಲ್ಲೇ. ಹತ್ತನೇ ಭಾಗದ 72ನೆಯದರಲ್ಲಿ ಇದೆ: 1999ರ ಏಳನೇ ತಿಂಗಳು ಆಕಾಶದಿಂದ ಭಯಂಕರ ದೊರೆ ಬರುತ್ತಾನಂತೆ. ಯಾರೂ ಬರಲಿಲ್ಲ.